ಬಾವಿಯ ಹೂಳು, ಬೆಂಕಿಪುರದ ಕಲ್ಲು

ಗಾಜಿನಾಚೆ ಒಂದು ಗೇಣು ಉದ್ದದ ತುಕ್ಕು ಮಲಗಿತ್ತು. ಮೊದಲ ನೋಟಕ್ಕೆ ತೋಟದ ಮೂಲೆಯಲ್ಲಿ ಬಿದ್ದಿರುವ ಹಳೇ ಪೈಪಿನ ತುಂಡಿನ ಹಾಗೆ. ಬಗ್ಗಿ ನೋಡಿದರೆ ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಗೆ ಮಣ್ಣು ಮೆತ್ತಿಕೊಂಡು ಕಲ್ಲಾಗಿದೆ. ಪಕ್ಕದ ಬರಹ ಓದಿ ಮತ್ತೆ ಅದರ ಕಡೆ ತಿರುಗುವಷ್ಟರಲ್ಲಿ ಮೈ ಜುಮ್ಮೆಂದಿತು. ಟಿಪ್ಪು ಸುಲ್ತಾನನ ಕಾಲದ ಯುದ್ಧದ ರಾಕೆಟ್ ಅದು. ಬೆಂಕಿಯ ಬಾಲ ಬಿಟ್ಟುಕೊಂಡು ಇಂಗ್ಲಿಷರ ದಂಡಿನ ಮೇಲೆ ಹಾರಬೇಕಾಗಿದ್ದದ್ದು, ಹಾರದೆ, ಎರಡು ಶತಮಾನಕ್ಕೂ ಹೆಚ್ಚು ಕಾಲ ಒಂದು ಬಾವಿಯ ಕೆಸರಿನಲ್ಲಿ ಹೂತಿದ್ದು, ಈಗ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿ ನನ್ನ ಕಣ್ಣ ಮುಂದಿದೆ.

"ಇದೊಂದೇ ಅಲ್ಲ ಮೇಡಂ," ಅಂದರು ಕಾವಲಿಗಿದ್ದವರು. "ಸಾವಿರದ ಮೇಲಿದ್ವು. ಎಲ್ಲಾ ಒಂದೇ ಬಾವೀಲಿ."

ಆ ಬಾವಿ ಇರುವುದು ಹೊಸನಗರ ತಾಲ್ಲೂಕಿನ ನಗರದಲ್ಲಿ. ಕೆಳದಿ ಅರಸರ ಬಿದನೂರು ಅದು. 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಎಂದು ಕರೆದ. ಜನರ ಬಾಯಲ್ಲಿ ಹೈದರ ಬಿದ್ದುಹೋಗಿ ನಗರ ಉಳಿಯಿತು. 2002ರಲ್ಲಿ ಆ ಬಾವಿಯಿಂದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಮೇಲೆ ಬಂದವು. ಅವು ರಾಕೆಟ್‌ಗಳೇ ಎಂದು ಖಚಿತವಾಗಲು ವರ್ಷಗಳು ಹಿಡಿದವು. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಮತ್ತೆ ಅದೇ ಬಾವಿಗೆ ಇಳಿದರು. ಕೆಸರಿಗೆ ಮದ್ದಿನ ವಾಸನೆ ಇತ್ತು. ಹದಿನೈದು ಜನ ಮೂರು ದಿನ ಬಗೆದರು. ಸಾವಿರಕ್ಕೂ ಮಿಕ್ಕಿ ರಾಕೆಟ್‌ಗಳು ಬೆಳಕು ಕಂಡವು. ಒಂದೊಂದೂ 23ರಿಂದ 26 ಸೆಂಟಿಮೀಟರ್.

ನಾನು ಬೆರಗಾಗಿ ನಿಂತದ್ದು ಸಂಖ್ಯೆಗೆ ಮಾತ್ರವಲ್ಲ. ಮೊದಲ ಸಲ ಆ ಬಾವಿಯಿಂದ ಕೆಸರು ಎತ್ತಿ ಹಾಕಿದ ಕೈಗಳನ್ನು ನೆನೆದು. ಕಬ್ಬಿಣ ಎಂದರೆ ಗುಜರಿಯಲ್ಲಿ ಕಿಲೋ ಲೆಕ್ಕ. ಯಾರಾದರೂ ಒಬ್ಬರು ಅವತ್ತು ಮೂಟೆ ಕಟ್ಟಿ ತಕ್ಕಡಿಗೆ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಾಕಲಿಲ್ಲ. "ಇದೇನೋ ಬೇರೆ ಥರ ಇದೆ, ತಡಿ" ಅಂತ ಕೈ ತಡೆದ ಒಂದು ಗಳಿಗೆ ಇದೆಯಲ್ಲ, ಇಡೀ ಪುರಾತತ್ವ ಶಾಸ್ತ್ರ ಆ ಗಳಿಗೆಯ ಮೇಲೆ ನಿಂತಿದೆ ಅನ್ನಿಸಿತು. ಅಳತೆ ಪಟ್ಟಿ, ಕುಂಚ, ಕ್ಯಾಮೆರಾ ಹಿಡಿದವರು ಬರುವುದು ಯಾವಾಗಲೂ ಎರಡನೆಯವರಾಗಿ. ಮೊದಲನೆಯವರು ಉಳುವವರು, ಬಾವಿ ತೋಡುವವರು, ಅಡಿಪಾಯ ತೆಗೆಯುವವರು.

ಅರಮನೆ ಎಂದರೆ ಮೈಸೂರಿನದು ನೆನೆಸಿಕೊಂಡು ಬರುವವರಿಗೆ ಇದು ಸಣ್ಣದು. ಮರದ ದೊಡ್ಡ ಕಂಬಗಳ ತಂಪಾದ ಒಳಾಂಗಣ, ಹೊರಗೆ ತುಂಗೆಯ ದಿಕ್ಕಿನಿಂದ ಬರುವ ಗಾಳಿ. 1645ರಿಂದ 1660ರವರೆಗೆ ಆಳಿದ, ಭೂಮಿ ಅಳೆಸಿ ಕಂದಾಯದ 'ಶಿಸ್ತು' ಹಾಕಿದ ಶಿವಪ್ಪನಾಯಕನ ಹೆಸರು ಇದಕ್ಕಿದೆ. ಈ ಕಟ್ಟಡ ಹೈದರನ ಕಾಲದ್ದು ಎನ್ನುವ ಇತಿಹಾಸಕಾರರೂ ಇದ್ದಾರೆ. ಊರಿನವರಿಗೆ ಆ ಗೊಡವೆ ಬೇಡ. ಅವರಿಗೆ ಇದು ಶಿವಪ್ಪನಾಯಕನ ಅರಮನೆ. ಆಟೋದವರಿಗೆ ಅಷ್ಟು ಹೇಳಿದರೆ ಸಾಕು.

ಕಟ್ಟಡಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊರಗಿನ ಕಲ್ಲುಗಳು. ಜಿಲ್ಲೆಯ ಮೂಲೆ ಮೂಲೆಯಿಂದ ಬಂದ ಶಾಸನಗಳು, ವೀರಗಲ್ಲುಗಳು, ಮಾಸ್ತಿಕಲ್ಲುಗಳು ಹುಲ್ಲಿನ ಅಂಚಿನಲ್ಲಿ ಸಾಲಾಗಿ ನಿಂತಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಜಗಳ: ದನ ಹೊಡೆದುಕೊಂಡು ಹೋಗುವವರಿಗೆ ಅಡ್ಡ ನಿಂತ ಒಬ್ಬ, ಎದುರಿಗೆ ಕುದುರೆ, ಬಿಲ್ಲು, ಭರ್ಜಿ. ನಡುವೆ ಅಪ್ಸರೆಯರು ಅವನನ್ನು ಎರಡು ಕಡೆ ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಅವನು ಕೈ ಮುಗಿದು ಕೂತಿದ್ದಾನೆ. ಎರಡು ಪಕ್ಕ ಸೂರ್ಯ, ಚಂದ್ರ. ಒಂದು ಊರಿನ ದನಗಳಿಗಾಗಿ ಸತ್ತ ಮನುಷ್ಯನಿಗೆ ಊರು ಕೊಟ್ಟ ಸ್ವರ್ಗ ಅದು.

ಅಷ್ಟರಲ್ಲಿ ಒಂದು ಸಂಸಾರ ಬಂತು. ಮಕ್ಕಳು ಓಡಿದರು. ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಅಜ್ಜ ಹಿಂದೆ ಉಳಿದರು. ಕಲ್ಲಿನ ಸಾಲು ಕಂಡದ್ದೇ ಚಪ್ಪಲಿ ಬಿಟ್ಟರು. ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ಒಂದೊಂದು ಕಲ್ಲಿಗೂ ಹೋಗಿ ನಿಂತು, ಕೊನೆಗೆ ಒಂದರ ಮುಂದೆ ಕೈ ಮುಗಿದರು.

"ನಮ್ಮೂರಲ್ಲೂ ಇಂಥದ್ದೇ ಐತೆ. ಭೂತಪ್ಪ ಅಂತೀವಿ. ವರ್ಷಕ್ಕೊಂದ್ಸಲ ಕಾಯಿ ಒಡೀತೀವಿ," ಅಂದರು ನನ್ನ ಕಡೆ ನೋಡಿ. ಆಮೇಲೆ ದನಿ ತಗ್ಗಿಸಿ, "ಇವಕ್ಕೆ ಇಲ್ಲಿ ಯಾರು ಒಡೀತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಯಲಲ್ಲಿದ್ದರೆ ನಿಧಿಗಳ್ಳರು ಬುಡ ಅಗೆಯುತ್ತಾರೆ, ಟ್ರ್ಯಾಕ್ಟರ್ ಉರುಳಿಸುತ್ತದೆ, ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗುತ್ತದೆ. ಇಲ್ಲಿ ತಂದರೆ ಉಳಿಯುತ್ತದೆ. ಆದರೆ ಕಾಯಿ ಒಡೆಯುವವರಿಂದ ದೂರವಾಗಿ ಉಳಿಯುತ್ತದೆ. ಯಾವ ಊರಿನ ಗಡಿಯಲ್ಲಿ, ಯಾವ ಕೆರೆಯ ಏರಿಯಲ್ಲಿ ಅದು ನಿಂತಿತ್ತೋ ಆ ಜಾಗವೂ ಕಲ್ಲಿನ ಅರ್ಧ ಅರ್ಥ. ಸಾಧ್ಯವಾದಷ್ಟು ಕಲ್ಲುಗಳು ತಂತಮ್ಮ ಊರಲ್ಲೇ ಇರಲಿ, ನೆರಳು ಕಟ್ಟಿ, ಊರವರಿಗೆ ಓದಿ ಹೇಳಿ ಬಿಟ್ಟುಬನ್ನಿ ಎನ್ನುವುದು ನನ್ನ ಆಸೆ. ಗತಿಯಿಲ್ಲದವು ಮಾತ್ರ ಇಲ್ಲಿಗೆ ಬರಲಿ.

ಓದಿ ಹೇಳುವುದು ಎಂದಾಗ ಒಂದು ಮಧ್ಯಾಹ್ನ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಶಿಕಾರಿಪುರದ ಕಡೆಯ ಹಳ್ಳಿಯೊಂದರಲ್ಲಿ ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೆ. ಕಲ್ಲನ್ನು ತೊಳೆದು, ನೆನೆಸಿದ ದೊಡ್ಡ ಹಾಳೆ ಹೊದಿಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತಾ ಬಡಿಯುತ್ತಾ ಕಾಗದವನ್ನು ಅಕ್ಷರಗಳ ಕುಳಿಗೆ ಇಳಿಸುತ್ತಾರೆ. ಅರ್ಧ ಒಣಗಿದ ಮೇಲೆ ಮಸಿಯ ಉಂಡೆಯಿಂದ ತಟ್ಟುತ್ತಾ ಬಂದರೆ, ಕಪ್ಪು ಹಾಳೆಯ ಮೇಲೆ ಬೆಳ್ಳಗೆ ಅಕ್ಷರಗಳು ಮೂಡುತ್ತವೆ. ಒಲೆ ಹಚ್ಚುವುದು ಬಿಟ್ಟು ಹೆಂಗಸರು ಬಂದು ನಿಂತಿದ್ದರು. ಕಲ್ಲಿನಲ್ಲಿ ಗೀಚಿದಂತೆ ಕಾಣುತ್ತಿದ್ದದ್ದು ಕಾಗದದಲ್ಲಿ ಬರಹವಾಗಿ ಎದ್ದು ಬಂದಾಗ ಗುಂಪಿನಿಂದ ಒಂದು 'ಓ' ಹೊರಟಿತು. ಆ 'ಓ' ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಮರುಕ್ಷಣ ಒಬ್ಬ ಹುಡುಗ ಕೇಳಿದ: "ಎಲ್ಲೈತೆ ಅಂತ ಬರ್ದಿದಾರೆ ಸಾರ್?" ನಿಧಿ ಎಲ್ಲಿದೆ ಎಂದು. ಎಲ್ಲ ಕಡೆಯೂ ಇದೇ ಪ್ರಶ್ನೆ ಬರುತ್ತದೆಯಂತೆ. ಅದರ ಬೆನ್ನಿಗೇ ಇನ್ನೊಂದು ಇರುತ್ತದೆ. ಅದನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ: ಇವರು ಬಂದು ಬರೆದುಕೊಂಡು ಹೋದ ಮೇಲೆ ಜಮೀನು ಸರ್ಕಾರದ್ದಾಗುತ್ತಾ? ಈ ಭಯಕ್ಕೆ ಎಷ್ಟು ಕಲ್ಲುಗಳು ಮತ್ತೆ ಮಣ್ಣಿನೊಳಗೆ ಹೋದವೋ, ಎಷ್ಟು ಹಿತ್ತಿಲಲ್ಲಿ ಬೋರಲಾಗಿ ಬಿದ್ದಿವೆಯೋ. ಆ ದಿನ ಪಡಿಯಚ್ಚು ತೆಗೆದವರು ಕೈ ತೊಳೆದು, ಜಗಲಿಯ ಮೇಲೆ ಕೂತು, ಪೂರ್ತಿ ಶಾಸನ ಓದಿ ಹೇಳಿದರು. ದೇವರಿಗೆ ಬಿಟ್ಟ ಗದ್ದೆ, ಅದರ ನಾಲ್ಕು ಗಡಿ, ಸಾಕ್ಷಿಯಾಗಿ ನಿಂತ ಗವುಡರು. ನಿಧಿ ಇಲ್ಲ ಎಂದು ತಿಳಿದ ಹುಡುಗನ ಮುಖ ಬಾಡಿತು. ಆದರೆ ಒಬ್ಬ ಮುದುಕರು ಎದ್ದು ನಿಂತು, "ಆ ಗಡಿ ನಂಗೊತ್ತು, ಆ ಹಳ್ಳ ಈಗ್ಲೂ ಐತೆ" ಅಂದರು. ಎಲ್ಲರೂ ಅವರ ಹಿಂದೆ ಹೊರಟರು, ಪಡಿಯಚ್ಚು ತೆಗೆದವರೂ ಸೇರಿ.

ಶಾಸನ ವಿದ್ವಾಂಸ ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎರಡು ಸಂಪುಟಗಳಲ್ಲಿ, 1902 ಮತ್ತು 1904ರಲ್ಲಿ, ಅಚ್ಚು ಹಾಕಿಸಿದ. ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನ. ಅದರಲ್ಲಿ ಶಿವಮೊಗ್ಗಕ್ಕೇ ಎರಡು. ಊರೂರಿನವರು "ಇಲ್ಲೊಂದಿದೆ ಬನ್ನಿ ದೊರೆ" ಎಂದು ದಾರಿ ತೋರಿಸದೆ ಇಷ್ಟು ಕಲ್ಲುಗಳು ಪುಸ್ತಕ ಸೇರಲು ಸಾಧ್ಯವೇ? ಕೆಳದಿಯಲ್ಲಿ ಗುಂಡಾ ಜೋಯಿಸರು (1931–2022) ಓಲೆಗರಿ, ಕಡತ, ಕತ್ತಿ, ನಾಣ್ಯಗಳನ್ನು ಕೂಡಿಸಿ ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಊರಿನವರೇ ಒಬ್ಬರು ಇತಿಹಾಸಕಾರರಾದರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ತಾಳಗುಂದದಲ್ಲಿ 2013ರ ಉತ್ಖನನದಲ್ಲಿ ಸಿಕ್ಕ ಸಿಂಹ ಕಟಾಂಜನದ ಬರಹವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಕ್ರಿ.ಶ. 370ರದ್ದು ಎಂದಾಗ, ಕನ್ನಡದ ವಯಸ್ಸು ಹಲ್ಮಿಡಿ ಶಾಸನಕ್ಕಿಂತ ಹಿಂದಕ್ಕೆ ಹೋಯಿತೆಂದು ಜಿಲ್ಲೆಗೆ ಜಿಲ್ಲೆಯೇ ಹೆಮ್ಮೆಪಟ್ಟಿತು.

ಅರಮನೆಯಿಂದ ಹೊರಟು, ಭದ್ರಾವತಿಗೆ ನೇರ ಹೋಗದೆ ಕೂಡ್ಲಿ ಸುತ್ತಿಕೊಂಡು ಹೋದೆ. ತುಂಗೆ, ಭದ್ರೆ ಸೇರುವ ಜಾಗ. ಹೊಯ್ಸಳರ ಕಾಲದ ರಾಮೇಶ್ವರನ ಗುಡಿಯ ಮುಂದೆ ಹತ್ತು ನಿಮಿಷ ಕೂತು, ಎರಡು ಬಣ್ಣದ ನೀರು ಒಂದಾಗುವುದನ್ನು ನೋಡಿ ಎದ್ದೆ. ಮನಸ್ಸು ಆಗಲೇ ಬೆಂಕಿಪುರದಲ್ಲಿತ್ತು.

ಬೆಂಕಿಪುರ ಭದ್ರಾವತಿಯ ಹಳೆಯ ಹೆಸರು. ಕಬ್ಬಿಣದ ಕುಲುಮೆಯ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಉಂಟೇ? ಆದರೆ ಹೆಸರು ಇಲ್ಲಿನ ಕಬ್ಬಿಣದ ಕಾರ್ಖಾನೆಗಿಂತ ಬಹಳ ಹಳೆಯದು. ವಂಕಿ ಎಂಬ ಋಷಿಯಿಂದ ಬಂದದ್ದು ಎಂದು ಊರವರು ಹೇಳುತ್ತಾರೆ. ಕಾರ್ಖಾನೆಯ ಮೊದಲ ಕಬ್ಬಿಣ ಹರಿದದ್ದು 1923ರ ಜನವರಿಯಲ್ಲಿ. ಊರು ತನ್ನ ಹೆಸರಿನಲ್ಲಿ ಬೆಂಕಿ ಇಟ್ಟುಕೊಂಡು ಕುಲುಮೆಗಾಗಿ ಕಾದಿತ್ತೇನೋ ಎಂದುಕೊಂಡರೆ ರೋಮಾಂಚನವಾಗುತ್ತದೆ.

ಹಳೇನಗರದ ನಡುವೆ ಲಕ್ಷ್ಮೀನರಸಿಂಹನ ಗುಡಿ. ಹದಿಮೂರನೇ ಶತಮಾನದ ಹೊಯ್ಸಳ ಕೆಲಸ, ತ್ರಿಕೂಟ: ನರಸಿಂಹ, ವೇಣುಗೋಪಾಲ, ಪುರುಷೋತ್ತಮ, ಮೂವರಿಗೆ ಮೂರು ಗರ್ಭಗುಡಿ, ಒಂದೇ ಮಂಟಪ. ಗುಡಿಯ ಗೋಡೆ ಎಲ್ಲಿ ತಿರುಗುತ್ತದೋ ಕೆಳಗಿನ ಜಗತಿಯೂ ಅಲ್ಲಲ್ಲೇ ತಿರುಗುತ್ತದೆ. ಜಗತಿಯ ಮೇಲೆ ಸುತ್ತು ಬರುತ್ತಿದ್ದರೆ ಪ್ರತಿ ಮೂಲೆಗೂ ನೆರಳು ಒಡೆದು ಬೆಳಕು, ಬೆಳಕು ಒಡೆದು ನೆರಳು. ಇದು ಖಾಲಿ ಸ್ಮಾರಕವಲ್ಲ. ಒಳಗೆ ಗಂಟೆ ಬಾರಿಸುತ್ತಾರೆ, ತೀರ್ಥ ಕೊಡುತ್ತಾರೆ, ಹೊರಗೆ ಸರ್ವೇಕ್ಷಣೆಯ ರಕ್ಷಣೆ. ದೇವರು ಊರಿನವನು, ಕಲ್ಲು ಕೇಂದ್ರದ್ದು.

ಮಂಟಪದಲ್ಲಿ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿಯೊಬ್ಬರು ನಾನು ಕಂಬ ಮುಟ್ಟಿ ನೋಡುವುದನ್ನು ಗಮನಿಸಿದರು. ಬಳಪದ ಕಲ್ಲನ್ನು ಚಕ್ರದಲ್ಲಿಟ್ಟು ಕಡೆದಂಥ ಕಂಬ; ನಡುವಿನ ಬಳೆಗಳು ಬೆರಳಿಗೆ ನೀರಿನ ಅಲೆಯಂತೆ ಸಿಗುತ್ತವೆ.

"ಚಿಕ್ಕೋರಿದ್ದಾಗ ಇದರಲ್ಲೇ ಮುಖ ನೋಡ್ಕಂಡು ಜಡೆ ಸರಿ ಮಾಡ್ಕೊಳ್ತಿದ್ವಿ ಮಗಾ," ಅಂದರು. "ಕನ್ನಡಿ ಎಲ್ಲಿತ್ತು ಆವಾಗ."

ನಾನು ನೋಡಿದೆ. ಕಪ್ಪು ಹೊಳಪಿನೊಳಗೆ ಒಂದು ಮಸುಕು ಮುಖ ಇತ್ತು. ಎಂಟುನೂರು ವರ್ಷ ಎಷ್ಟು ಮುಖಗಳು ಹೀಗೆ ಇಣುಕಿರಬಹುದು! ಯಾವ ವರದಿಯಲ್ಲೂ ಈ ಮಾತು ಬರೆದಿರಲಾರದು. ಕಂಬದ ಎತ್ತರ, ಸುತ್ತಳತೆ, ಶೈಲಿ ಎಲ್ಲ ಬರೆಯುತ್ತಾರೆ. ಹುಡುಗಿಯರು ಜಡೆ ಸರಿಮಾಡಿಕೊಂಡದ್ದೂ ಆ ಕಂಬದ ಇತಿಹಾಸವೇ.

ಅಜ್ಜಿಗೆ ಎರಡು ಸಂಕಟ. ಒಂದು ಎಣ್ಣೆಯದು. "ಕಲ್ಲಿಗೆ ಎಣ್ಣೆ ಮುಟ್ಟಿಸ್ಬಾರ್ದು ಅಂತಾರೆ. ನಮ್ಮತ್ತೆ ಕಾಲ್ದಿಂದ ಹಚ್ಚಿದೀವಿ." ಎಣ್ಣೆ ಕಲ್ಲಿನ ರಂಧ್ರ ಮುಚ್ಚಿ, ಧೂಳು, ಮಸಿ ಹಿಡಿದು, ಕುಸುರಿಯ ಗೆರೆಯೆಲ್ಲ ಮಂಕಾಗುತ್ತದೆ, ತೆಗೆಯುವಾಗ ಮೇಲಿನ ಪದರಕ್ಕೂ ಪೆಟ್ಟು. ನಾನು ಇಷ್ಟು ಹೇಳಿದೆ. ಅವರು ಹೂ ಕಟ್ಟುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. "ಹಿಂಗೆ ಬಿಡಿಸಿ ಹೇಳಿದ್ರೆ ಯಾಕೆ ಹಚ್ತಿದ್ವಿ? ಬಾರ್ದು ಅಂತ ಅಷ್ಟೇ ಅಂದ್ರೆ ಹೆಂಗೆ?"

ಎರಡನೆಯದು ಮನೆಯದು. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಒಳಗಿನ ವಲಯದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕಿಂತ ಮೊದಲಿದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ಮಾವ ಕಟ್ಟಿಸಿದ ಮನೆ, ಮಗನಿಗೆ ಮೇಲೊಂದು ಮಹಡಿ ಬೇಕು, ಸೊಸೆ ಬೇರೆ ಕಡೆ ಹೋಗೋಣ ಅನ್ನುತ್ತಾಳೆ. "ದೇವರ ಪಕ್ಕ ಮನೆ ಮಾಡಿದ್ದೇ ತಪ್ಪಾಯ್ತಾ?" ಎಂದು ಅವರು ಕೇಳಿದ್ದು ನನ್ನನ್ನಲ್ಲ, ಒಳಗಿನ ನರಸಿಂಹನನ್ನು.

ಹೊರಗೆ ಬಂದು ಹೆಜ್ಜೆ ಎಣಿಸಿದೆ. ನೂರು ಮೀಟರ್ ಎಂದರೆ ನನ್ನ ಕಾಲಿಗೆ ನೂರಮೂವತ್ತು ಚಿಲ್ಲರೆ ಹೆಜ್ಜೆ. ಅಷ್ಟರೊಳಗೆ ರಂಗೋಲಿ ಬಿಟ್ಟ ಹೊಸಿಲುಗಳು, ಒಂದು ಹೂವಿನ ಅಂಗಡಿ, ತೊಟ್ಟಿಲ ಹಗ್ಗ ಕಾಣುವ ಕಿಟಕಿ ದಾಟಿದವು. ಅಡಿಪಾಯ ಅಲುಗಬಾರದು, ಶಿಖರ ಮರೆಯಾಗಬಾರದು ಎನ್ನುವ ಕಾಯ್ದೆಯ ಕಾಳಜಿ ನನಗೆ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಕಾಂಕ್ರೀಟಿನ ನಡುವೆ ಉಸಿರು ಕಟ್ಟಿದ ಗುಡಿಗಳನ್ನು ಕಂಡಿದ್ದೇನೆ. ಆದರೆ ಈ ನೂರಮೂವತ್ತು ಹೆಜ್ಜೆಯೊಳಗೆ ಇರುವವರೇ ಈ ಗುಡಿಯನ್ನು ಇಷ್ಟು ಕಾಲ ಗುಡಿಸಿ, ದೀಪ ಹಚ್ಚಿ ಉಳಿಸಿದವರು. ಅವರ ಜಗಲಿಯ ಮೇಲೆ ಒಂದು ಸಂಜೆ ಕೂತು, ನಕ್ಷೆ ಹರಡಿ, ಯಾವುದಕ್ಕೆ ಅನುಮತಿ ಸಿಗುತ್ತದೆ, ಅರ್ಜಿ ಎಲ್ಲಿ ಕೊಡಬೇಕು ಎಂದು ಹೇಳುವ ಒಬ್ಬರು ಪ್ರತಿ ಸ್ಮಾರಕಕ್ಕೂ ಬೇಕು. ಅದು ಕಲ್ಲಿನ ರಕ್ಷಣೆಯ ಕೆಲಸದಲ್ಲೇ ಸೇರಿದ್ದು.

ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಹಳೆಯ ಶಾಸನಗಳ ಕೊನೆಗೂ ಎಚ್ಚರಿಕೆ ಇರುತ್ತದೆ: ಈ ಧರ್ಮ ಅಳಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನು, ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪಕ್ಕೆ ಹೋಗುವನು. ಬೆದರಿಸುವುದರಲ್ಲಿ ಎರಡೂ ಒಂದೇ. ಆದರೆ ಶಾಪಕ್ಕೆ ಮೊದಲು ಎಷ್ಟೋ ಶಾಸನಗಳಲ್ಲಿ ಆ ಊರಿನ ಗವುಡರ, ಒಕ್ಕಲುಗಳ ಹೆಸರಿರುತ್ತದೆ, ಇವರ ಸಮಕ್ಷಮದಲ್ಲಿ ಎಂದು. ಕಲ್ಲು ನೆಡುವ ದಿನ ಅವರನ್ನು ಕರೆದಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಅದನ್ನು ಕಾದರು.

ರೈಲು ನಿಲ್ದಾಣಕ್ಕೆ ಹೋಗಲು ಆಟೋ ಹತ್ತಿದೆ. ಓಡಿಸುತ್ತಿದ್ದವರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ವಿಶ್ವೇಶ್ವರಯ್ಯನವರ ಹಟ. ಅವರ ಬಾಯಲ್ಲಿ ಎಲ್ಲವೂ ಮನೆಯ ಮಾತು. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲವಂತೆ. ಈ ಚಿಮಣಿಗಳೂ ಒಂದು ದಿನ ಪುರಾತತ್ವದ ಪಾಲಾಗುತ್ತವೆ. ಅದನ್ನು ಓದಬಲ್ಲವರು ಈಗ ಆಟೋ ಓಡಿಸುತ್ತಿದ್ದಾರೆ, ಅವರನ್ನು ಈಗಲೇ ಕೂರಿಸಿಕೊಂಡು ಕೇಳಬೇಕು ಎಂದು ನನಗೆ ತುಂಬಾ ಅವಸರ ಅನ್ನಿಸಿತು.

ರಾಕೆಟ್ಟಿನ ಫೋಟೋ ತೋರಿಸಿದೆ. ಅವರು ಗಾಡಿಯನ್ನು ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಎರಡು ಬೆರಳಲ್ಲಿ ದೊಡ್ಡದು ಮಾಡಿದರು.

"ಇದ್ದಿಲಲ್ಲಿ ಕಾಯಿಸಿದ ಕಬ್ಬಿಣ ಇದು. ಆವಾಗ ಬೇರೆ ಎಲ್ಲಿತ್ತು. ಗಂಧಕ ಕಮ್ಮಿ ಇರುತ್ತೆ ಅದರಲ್ಲಿ, ಅದಕ್ಕೇ ಇಷ್ಟಾದ್ರೂ ಉಳ್ಕಂಡಿದೆ ಅನ್ಸುತ್ತೆ," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಗಡು ಸುತ್ತಿ ಬಡಿದು ಮಾಡಿದ್ದಾ ಇದು? ಉದ್ದಕ್ಕೆ ಕೂಡಿಸಿದ ಗೆರೆ ಕಾಣ್ತಾ?"

ನಾನು ಅದನ್ನು ನೋಡಿರಲಿಲ್ಲ. ಒಂದು ಗಂಟೆ ಆ ಗಾಜಿನ ಮುಂದೆ ನಿಂತಿದ್ದೆ, ಇತಿಹಾಸ ನೆನೆದಿದ್ದೆ, ಬೆರಗಾಗಿದ್ದೆ. ಅದನ್ನು ಹೇಗೆ ಮಾಡಿದರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಅರಮನೆಗೆ ಹೋದೆ. ಕಾವಲಿನವರು ಗುರುತು ಹಿಡಿದು ನಕ್ಕರು. ವಿಷಯ ಕೇಳಿದ ಮೇಲೆ ತಾವೇ ಮೊಬೈಲಿನ ಟಾರ್ಚ್ ಹಾಕಿ ಪಕ್ಕದಿಂದ ಬೆಳಕು ಬಿಟ್ಟರು. ಇಬ್ಬರೂ ಬಗ್ಗಿ ಒಂದೊಂದು ಕೊಳವೆಯನ್ನೂ ಹುಡುಕಿದೆವು. ತುಕ್ಕು ದಪ್ಪವಾಗಿ ಮುಚ್ಚಿತ್ತು. ಆಟೋದವರಿಗೆ ಫೋನ್ ಮಾಡಿದೆ.

"ಗೆರೆ ಕಾಣ್ತಿಲ್ಲ ಅಣ್ಣ."

"ತುಕ್ಕಿನ ಒಳಗಿರುತ್ತಮ್ಮ, ನಿಮಗೆ ತಿಳಿಯಲ್ಲ. ನಾನೇ ಬಂದು ನೋಡ್ತೀನಿ. ಬಾಗಿಲು ಎಷ್ಟೊತ್ತಿಗೆ ತೆಗೀತಾರೆ ಕೇಳಿ."

ನಾನು ಕಾವಲಿನವರ ಕಡೆ ತಿರುಗಿದೆ. ಅವರು ಟಾರ್ಚನ್ನು ಇನ್ನೂ ಗಾಜಿನ ಮೇಲೆ ಹಿಡಿದಿದ್ದರು.

"ಹತ್ತು ಗಂಟೆಗೆ ಬರಕ್ಕೆ ಹೇಳಿ ಮೇಡಂ. ನಾನಿರ್ತೀನಿ."